ಪಡದೆಯಿಂದ ಹೊರಗೆ ಬಂದ ಹೆಬ್ಬೆಟ್ಟು

ಇಳಕಲ್ಲು, ಮಂಗಳವಾರ, ಜನವರಿ ೧೯೧೨

ಪಡದೆಯ ಈಚೆಗೆ ಕುರ್ಚಿಯ ಮೇಲೆ ಕೂತಿದ್ದ ಸಬ್‌ರಜಿಸ್ಟ್ರಾರ್ ಸಾಹೇಬರಿಗೆ,

ಈಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿ ನನ್ನ ನಾದಿನಿ ಅಮೀನಬಿಯ ನಲವತ್ತನೆಯ ದಿನದ ಕಾರ್ಯ ನಡೆಯಿತು. ಫಾತೇಹಾ ಓದಿದರು, ಮಂದಿ ಉಂಡರು, ಗಂಡಸರು ಕೈ ಒರೆಸಿಕೊಂಡು ಎದ್ದು ಹೋದರು. ಪಾತ್ರೆ ತಿಕ್ಕಿ ಬೋರಲು ಹಾಕಿ ಈ ಕಾಗದಕ್ಕೆ ಕೂತಿದ್ದೇನೆ. ನನ್ನ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ತಂದೆಯ ಮನೆಯಲ್ಲಿದ್ದ ತನ್ನ ಪಾಲನ್ನು ಅಮೀನಬಿ ತಮ್ಮನಿಗೆ ಬಿಟ್ಟುಕೊಟ್ಟಳೆಂಬ ಒಂದು ಕಾಗದ ನಿಮ್ಮ ದಫ್ತರಿನಲ್ಲಿದೆ. ಅದರ ಕೆಳಗೆ ಒಂದು ಹೆಬ್ಬೆಟ್ಟಿನ ಗುರುತಿದೆ. ಅದು ಅವಳದೇ ಎಂಬುದಕ್ಕೆ ನಿಮ್ಮ ಸಹಿ ಇದೆ. ಆ ಹೆಬ್ಬೆಟ್ಟು ಅಮೀನಬಿಯದಲ್ಲ. ಅದನ್ನು ಒತ್ತಿದ ದಿನ ಅವಳು ಈ ಊರಿನಲ್ಲಿಯೇ ಇರಲಿಲ್ಲ. ಈಗ ಅವಳು ಯಾವ ಊರಿನಲ್ಲಿಯೂ ಇಲ್ಲ.

ನಿಮ್ಮ ಹೆಸರನ್ನಾಗಲಿ ನಿಮ್ಮ ಕಚೇರಿಯ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಸೀಮೆಯಲ್ಲಿ ನಿಮ್ಮಂಥ ಅಧಿಕಾರಿಗಳು ಹಲವರಿದ್ದೀರಿ. ಇದು ಪತ್ರಿಕೆಯಲ್ಲಿ ಅಚ್ಚಾದಾಗ ಎಲ್ಲರೂ ಓದಲಿ. ನಮ್ಮ ಮನೆಗೆ ಬಂದು ಹೋದವರು ಯಾರೋ ಅವರು ತಮ್ಮನ್ನು ತಾವೇ ಗುರುತು ಹಿಡಿದುಕೊಳ್ಳಲಿ. ಗುರುತು ಹಿಡಿಯುವುದಕ್ಕೆಂದೇ ಸರಕಾರ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದೆ ಎಂದು ಕೇಳಿದ್ದೇನೆ.

ಅಮೀನಬಿ ಯಾರೆಂದು ನಿಮಗೆ ತಿಳಿಯದು, ತಿಳಿದಿದ್ದರೆ ನಾನು ಬರೆಯುವ ಕಾರಣವಿರಲಿಲ್ಲ. ಅವಳು ನನ್ನ ಗಂಡ ಮುರ್ತುಜಸಾಬರ ಅಕ್ಕ. ಗಂಡನ ಹೆಸರನ್ನು ಹೆಂಡತಿ ಬರೆಯಬಾರದು, ನಾನು ಬರೆದಿದ್ದೇನೆ. ಅವಳನ್ನು ನಾನು ಆಪಾ ಎಂದು ಕರೆಯುತ್ತಿದ್ದೆ. ಗಂಡ ಸತ್ತ ಮೇಲೆ ಎರಡು ವರ್ಷದ ಮಗಳು ಗುಲಾಬಬಿಯನ್ನು ಎತ್ತಿಕೊಂಡು ತೌರಿಗೆ ಬಂದಳು. ಅಂದಿನಿಂದ ಹನ್ನೆರಡು ವರ್ಷ ಈ ಮನೆಯ ಮೂಡಣ ಕೋಣೆಯಲ್ಲಿ ಕೂತು ತೋಪು ತೆಣಿ ಕಟ್ಟಿದಳು. ನೀವೂ ನಿಮ್ಮ ಮನೆಯವರಿಗೆ ಇಳಕಲ್ಲಿನ ಸೀರೆ ಕೊಂಡಿರಬಹುದು. ಅದರ ಒಡಲಿನ ನೂಲು ಬೇರೆ, ಸೆರಗಿನ ಕೆಂಪು ರೇಷ್ಮೆ ಬೇರೆ. ನೇಯುವ ಮುಂಚೆ ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಇದನ್ನೇ ನಾವು ತೋಪು ತೆಣಿ ಎನ್ನುತ್ತೇವೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಎಳೆಯನ್ನು ಹೊಸೆದು ಹೊಸೆದು ಕೂಡಿಸುವ ಕೆಲಸ. ದಿನಕ್ಕೆ ಸಾವಿರಾರು ಸಲ. ಆಪಾನ ಹೆಬ್ಬೆಟ್ಟು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಜೋಳದ ಹಿಟ್ಟು ನಾದಿದರೆ ಹಿಟ್ಟಿನ ಮೇಲೆ ನನ್ನ ಬೆರಳಿನ ಗೆರೆ ಮೂಡುತ್ತಿದ್ದವು, ಅವಳದು ಮೂಡುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಮಾವ ಇಮಾಮಸಾಬರು ಎರಡು ವರ್ಷದ ಹಿಂದೆ ತೀರಿಕೊಂಡರು. ಮಗನಿಗೆ ಎರಡು ಭಾಗವಾದರೆ ಮಗಳಿಗೆ ಒಂದು ಎಂದು ನಮ್ಮ ಧರ್ಮ ಹೇಳುತ್ತದೆ. ಅದರಂತೆ ಮೂಡಣ ಕೋಣೆಯೂ ಅದರೊಳಗಿನ ಮಗ್ಗದ ಕುಣಿಯೂ ಅಮೀನಬಿಗೆ ಎಂದು ಅವರು ನಾಲ್ಕು ಮಂದಿಯ ಎದುರಿಗೆ ಬಾಯಿಬಿಟ್ಟು ಹೇಳಿಯೇ ಸತ್ತರು. ನಮ್ಮ ನೆರೆಮನೆಯ ಗುರುಲಿಂಗವ್ವ ಲಿಂಗವಂತರ ಹೆಣ್ಣುಮಗಳು. ಅವಳು ಆಗ ಅಂದಿದ್ದಳು:

"ನಿಮ್ಮೊಳಗ ಒಂದು ಪಾಲರೆ ಬರದಾರ ನೋಡವಾ. ನಮ್ಮೊಳಗ ಹೆಣ್ಮಗಳಿಗೆ ತೌರಿಂದ ಬರೂದು ವರ್ಷಕ್ಕೊಂದು ಕುಬಸ. ಅದೂ ಅಣ್ಣನ ಹೇಂತಿಗೆ ಮನಸ್ಸು ಬಂದ್ರ!"

ಅಮೀನಬಿ ಎಳೆಯಿಂದ ಕಣ್ಣು ತೆಗೆಯದೆ ಅಂದಳು: "ಬರದಾರ ಖರೆ, ಗುರುಲಿಂಗಕ್ಕ. ಓದವ್ರು ಯಾರು?"

ಇಬ್ಬರೂ ನಕ್ಕರು, ನಾನೂ ನಕ್ಕೆ. ಓದಬಲ್ಲವಳು ಅಲ್ಲಿ ನಾನೊಬ್ಬಳೇ ಇದ್ದೆ.

ಕಳೆದ ಮಾರ್ಚಿನಲ್ಲಿ ಒಬ್ಬ ನೂಲಿನ ವ್ಯಾಪಾರಿ ಮೂಡಣ ಕೋಣೆ ತನ್ನ ನೂಲು ಇಡಲು ಬೇಕೆಂದ. ಅವನ ಹೆಸರೂ ಇಲ್ಲಿ ಬೇಡ. ಅದು ಅಕ್ಕನ ಪಾಲಾಗಿದ್ದರಿಂದ ಅಕ್ಕ ಬಿಟ್ಟುಕೊಟ್ಟಂತೆ ಕಾಗದವಾಗಬೇಕಾಯಿತು. ನನ್ನ ಗಂಡ ಮೊದಲು ಕೇಳಿದರು, ಆಮೇಲೆ ಬೈದರು. ಆಪಾ ಎರಡಕ್ಕೂ ಒಂದೇ ಉತ್ತರ ಕೊಟ್ಟಳು: "ಗುಲಾಬಿನ್ನ ಎಲ್ಲಿ ಕೂಡ್ರಸ್ಲಿ?" ಆದ್ದರಿಂದ ಅವಳನ್ನು ಐಹೊಳೆಗೆ ಕಳಿಸಿದರು. ಅಲ್ಲಿ ಅವಳ ಗಂಡನ ತಂಗಿಗೆ ಹೆರಿಗೆಯಾಗಿತ್ತು, ಬಾಣಂತಿಯನ್ನು ನೋಡಿಕೊಳ್ಳಲು ಜನ ಬೇಕಾಗಿತ್ತು. ಮಗಳನ್ನು ಕರೆದುಕೊಂಡು ಸಂತೋಷದಿಂದಲೇ ಬಂಡಿ ಹತ್ತಿದಳು. ಮೂರನೆಯ ದಿನ ನೀವು ಬಂದಿರಿ.

ನೀವು ಏಕೆ ಬಂದಿರಿ, ನೆನಪಿದೆಯೇ? ಪಡದೆಯೊಳಗಿನ ಮರ್ಯಾದಸ್ತ ಹೆಂಗಸು ಕಚೇರಿಗೆ ಬರಲಾರಳು, ಆದ್ದರಿಂದ ಸಾಹೇಬರೇ ಮನೆಗೆ ದಯಮಾಡಿಸಬೇಕೆಂದು ನನ್ನ ಗಂಡ ಅರ್ಜಿ ಕೊಟ್ಟಿದ್ದರು. ಸಾಹೇಬರೇ, ಅಮೀನಬಿ ದಿನಾ ಬೆಳಿಗ್ಗೆ ಹಳ್ಳದಿಂದ ನೀರು ತರುತ್ತಿದ್ದಳು. ನೂಲಿನ ಗಂಟನ್ನು ತಲೆಯ ಮೇಲೆ ಹೊತ್ತು ಪೇಟೆಯ ನಡುವೆ ಹೋಗುತ್ತಿದ್ದಳು. ಅವಳ ಮುಖ ಕಾಣದ ಗಂಡಸು ಈ ಊರಿನಲ್ಲಿ ಒಬ್ಬನೂ ಇಲ್ಲ. ನೀರು ಹೊರುವಾಗ ಅವಳಿಗೆ ಪಡದೆ ಬೇಕಾಗಲಿಲ್ಲ, ಕಟ್ಟಿಗೆ ತರುವಾಗ ಬೇಕಾಗಲಿಲ್ಲ. ಪಾಲು ಬರೆಯುವ ದಿನ ಮಾತ್ರ ಅವಳು ಪಡದೆಯ ಹೆಂಗಸಾದಳು. ನಮ್ಮ ಮನೆಯಲ್ಲಿ ಪಡದೆ ಎಂಬ ವಸ್ತುವೇ ಇರಲಿಲ್ಲ. ನಡುಮನೆಯ ಬಾಗಿಲಿಗೆ ಅಂದು ಬೆಳಿಗ್ಗೆ ಒಂದು ಸೀರೆಯನ್ನು ಕಟ್ಟಿದರು. ಸೆರಗಿನ ಕೊಂಡಿ ಬಿಟ್ಟಿದೆ ಎಂದು ಪೇಟೆಯಿಂದ ವಾಪಸು ಬಂದ ಸೀರೆ ಅದು. ಬಾಗಿಲ ಚೌಕಟ್ಟಿನಲ್ಲಿ ಬಡಿದ ಮೊಳೆ ಹೊಸದು. ಓಣಿಯಲ್ಲಿ ಯಾವ ಹೆಂಗಸನ್ನು ಕೇಳಿದ್ದರೂ ನಕ್ಕುಬಿಡುತ್ತಿದ್ದಳು. ಆದರೆ ಹೆಂಗಸರನ್ನು ಕೇಳುವುದು ನಿಮ್ಮ ಕಾಯದೆಯಲ್ಲಿ ಇರಲಾರದು.

ನೀವು ಶಾಲೆಯಿಂದ ತರಿಸಿದ ಕುರ್ಚಿಯ ಮೇಲೆ ಕೂತಿರಿ. ಮರ್ಯಾದೆಗಾಗಿ ಪಡದೆಯ ಕಡೆಗೆ ಬೆನ್ನು ಮಾಡಿದಿರಿ. ನಿಮ್ಮ ಕಾರಕೂನರು ಕಾಗದ ಓದಿದರು, ಬೇಗ ಬೇಗ ಓದಿದರು. "ಕೇಳಿತೇನವಾ? ತಿಳೀತೇನು?" ಎಂದಿರಿ. ಒಳಗಿನಿಂದ ಉತ್ತರ ಬರಲಿಲ್ಲ. "ಭಾಳ ನಾಚಿಕಿ ಸ್ವಭಾವ್ರಿ ಅಕ್ಕಂದು" ಎಂದರು ನನ್ನ ಗಂಡ. ನೀವು ತಲೆಯಾಡಿಸಿದಿರಿ. ಓದು ಬರಹ ಬಾರದ ವಿಧವೆ ಅಮೀನಬಿ ಎಂದು ಬರೆದುಕೊಂಡಿರಿ. ಇವಳು ನನ್ನ ಒಡಹುಟ್ಟಿದವಳು ಎಂದು ನನ್ನ ಗಂಡ ಹೇಳಿದರು. ಆಮೇಲೆ ಪಡದೆಯ ಸಂದಿನಿಂದ ಒಂದು ಕೈ ಹೊರಗೆ ಬಂತು. ಆ ಕೈಯನ್ನು ನನ್ನ ಗಂಡ ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದರು.

ಆ ಕೈ ನನ್ನದು.

ಕಾಗದದಲ್ಲಿ ಏನಿದೆಯೆಂದು ತಿಳಿಯಲಿಲ್ಲ ಎಂದು ನಾನು ಬರೆಯಬಹುದು. ಅದು ಸುಳ್ಳಾಗುತ್ತದೆ. ನನ್ನ ತಂದೆ ಖಾದರಬಾಷಾ ಬಾಗಲಕೋಟೆಯ ಕನ್ನಡ ಶಾಲೆಯಲ್ಲಿ ಗಂಟೆ ಬಾರಿಸುವ ಸಿಪಾಯಿಯಾಗಿದ್ದರು. ಅವರ ಜೊತೆಗೆ ಹೋಗಿ ಬಾಗಿಲ ಬಳಿ ಕೂತು ನಾನು ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಕಲಿತೆ, ಪರೀಕ್ಷೆಗೂ ಕೂತೆ, ಪಾಸಾದೆ. ನಿಮ್ಮ ಕಾರಕೂನರು ಎಷ್ಟು ಬೇಗ ಓದಿದರೂ ನನಗೆ ಪ್ರತಿ ಅಕ್ಷರ ತಿಳಿಯುತ್ತಿತ್ತು. ಈ ಮನೆಯಲ್ಲಿ ಸಹಿ ಮಾಡಬಲ್ಲ ಹೆಂಗಸು ನಾನೊಬ್ಬಳು. ನಾನೇ ಅಂದು ಓದು ಬಾರದವಳೆಂದು ಹೆಬ್ಬೆಟ್ಟು ಒತ್ತಿದೆ. ಒಲ್ಲೆ ಎನ್ನಬೇಕಿತ್ತು. ಹಿಂದಿನ ಸಂಜೆ ಗಂಡ ಅಂದಿದ್ದರು: "ಈ ಮಾತು ಹೊಸ್ತಿಲ ದಾಟಿದ್ರ, ನಾ ಮೂರು ಮಾತು ಆಡಾಂವ." ತಲಾಖಿನ ಆ ಮೂರು ಮಾತು ಯಾವುವೆಂದು ನಿಮಗೂ ಗೊತ್ತು. ನನಗೆ ಮಕ್ಕಳಿಲ್ಲ, ತಂದೆ ಇಲ್ಲ. ಮೂರು ಮಾತಿನ ಆಚೆಗೆ ನನಗೆ ಯಾವ ಮನೆಯೂ ಇರಲಿಲ್ಲ. ಆದ್ದರಿಂದ ಇನ್ನೊಬ್ಬಳ ಮನೆಯನ್ನು ಕಳೆಯಲು ಕೈ ಕೊಟ್ಟೆ. ನನ್ನ ತಪ್ಪನ್ನು ಹೀಗೆ ನಾಲ್ಕು ಸಾಲಿನಲ್ಲಿ ಬರೆಯಬಹುದೆಂದು ಇಷ್ಟು ದಿನ ನನಗೇ ಗೊತ್ತಿರಲಿಲ್ಲ.

ಆದರೆ ಸಾಹೇಬರೇ, ನಾನು ಹೆದರಿದವಳು, ನೀವು ಯಾರಿಗೆ ಹೆದರಿದ್ದಿರಿ? ಆ ಕೈಯಲ್ಲಿ ಹಸಿರು ಬಳೆಗಳಿದ್ದವು. ಅವನ್ನು ಮೊಳಕೈಯವರೆಗೆ ಸರಿಸಿ ಹಿಡಿದುಕೋ ಎಂದು ಹೇಳಿದ್ದರು. ಗಂಡ ಕೈಯನ್ನು ಮಸಿಗೆ ಎಳೆದಾಗ ಕೆಳಗೆ ಜಾರಿ ಸದ್ದಾದವು. ಬೆನ್ನು ಮಾಡಿ ಕೂತವರಿಗೂ ಕೇಳುವ ಹಾಗೆ ಸದ್ದಾದವು. ವಿಧವೆ ಎಂದು ಆಗಷ್ಟೇ ಬರೆದುಕೊಂಡಿರಿ, ಮಸಿ ಇನ್ನೂ ಒಣಗಿರಲಿಲ್ಲ. ನಮ್ಮ ಕಡೆ ಗಂಡ ಸತ್ತವಳ ಕೈಯಲ್ಲಿ ಬಳೆ ಇರುವುದಿಲ್ಲ, ನಮ್ಮಲ್ಲಿಯೂ ಇಲ್ಲ, ನಿಮ್ಮಲ್ಲಿಯೂ ಇಲ್ಲ. ಹೆಣ್ಣಿನ ಮುಖ ನೋಡಬಾರದು ಸರಿ. ಅವಳ ಕೈಯ ಸದ್ದೂ ಕೇಳಬಾರದು ಎಂದು ಯಾವ ಧರ್ಮ ಹೇಳಿತು? ಒಂದು ಮಾತು ಕೇಳಿದ್ದರೆ ಸಾಕಿತ್ತು. "ಯಾರವಾ ನೀನು?" ಎಂದಿದ್ದರೆ ಸುಳ್ಳು ಹೇಳುವ ಧೈರ್ಯ ನನಗೆ ಇರಲಿಲ್ಲ. ನೀವು ಕೇಳಲಿಲ್ಲ. ಎಲೆ ಅಡಿಕೆ ತೆಗೆದುಕೊಂಡಿರಿ, ಬಿಸಿಲು ಬಹಳ ಎಂದಿರಿ, ಹೋದಿರಿ.

ನಾನು ದಿನಾ ನಾಲ್ಕು ಸಾಲು ಬರೆದಿಡುವವಳು. ಶಾಲೆಯ ಕಾಲದಿಂದ ಬಂದ ರೂಢಿ. ಅಂದಿನ ಪುಟ ತೆಗೆದು ನೋಡಿದೆ. "ಇಂದು ಮನೆಗೆ ಸಾಹೇಬರು ಬಂದಿದ್ದರು. ಹದಿನಾರು ರೊಟ್ಟಿ ಬಡಿದೆ. ಬೂದಿ ಹಚ್ಚಿ ತಿಕ್ಕಿದರೂ ಬೆರಳಿನ ಮಸಿ ಹೋಗಲಿಲ್ಲ" ಎಂದಷ್ಟೇ ಇದೆ. ನನಗೆ ನಾನೇ ಬರೆದುಕೊಳ್ಳುವ ಪುಸ್ತಕದಲ್ಲಿಯೂ ಅಷ್ಟಕ್ಕಿಂತ ಹೆಚ್ಚು ಬರೆಯಲಾರದೆ ಹೋದೆ.

ಐಹೊಳೆಯಿಂದ ಬಂದ ಅಮೀನಬಿಗೆ ಎರಡು ತಿಂಗಳು ಏನೂ ತಿಳಿಯಲಿಲ್ಲ. ಮೇ ತಿಂಗಳಲ್ಲಿ ವ್ಯಾಪಾರಿಯ ಆಳುಗಳು ಬಂದು ಅವಳ ಹಾಸಿಗೆ, ಗಡಿಗೆ, ಮಗಳ ಬಟ್ಟೆಗಂಟನ್ನು ಓಣಿಗೆ ಇಟ್ಟು ಕೋಣೆಗೆ ಬೀಗ ಹಾಕಿದರು. ಗುರುಲಿಂಗವ್ವ ತನ್ನ ಮನೆಯ ಕಟ್ಟೆಯ ಮೇಲೆ ತಾಯಿ ಮಗಳಿಗೆ ಜಾಗ ಕೊಟ್ಟಳು. ಮರುದಿನ ನಸುಕಿನಲ್ಲಿ ಆ ಇಬ್ಬರು ಹೆಂಗಸರೂ ನಡೆದು ನಿಮ್ಮ ಕಚೇರಿಗೆ ಬಂದರು. ನಾನು ಹೋಗಲಿಲ್ಲ. ಅಲ್ಲಿ ನಡೆದುದನ್ನು ಗುರುಲಿಂಗವ್ವ ಬಂದು ನನಗೆ ಆಡಿ ತೋರಿಸಿದಳು. ಅವಳು ಆಡಿದಂತೆಯೇ ಬರೆಯುತ್ತೇನೆ. ತಪ್ಪಿದ್ದರೆ ನೀವು ತಿದ್ದಿ ಪತ್ರಿಕೆಗೆ ಬರೆಯಿರಿ.

"ಯಾರಿಕಿ?" ಎಂದಿರಂತೆ ನೀವು.

"ಅಮೀನಬಿರಿ. ಇಮಾಮಸಾಬನ ಮಗಳು."

"ಅಮೀನಬಿ ಪಡದೆ ಒಳಗಿನ ಹೆಣ್ಮಗಳು. ನಾನ ಅವ್ರ ಮನಿಗೆ ಹೋಗಿ ಬಂದೇನಿ. ನೀ ನೋಡಿದ್ರ ಹಾದಿ ಧೂಳ ತುಳಕೋತ ಬಂದೀದಿ."

"ನನ್ನ ಪಡದೆದಾಗ ಇಟ್ಟಾವ್ರು ಯಾರ್ರಿ ಸಾಹೇಬ್ರ? ಇಟ್ಟಿದ್ರ ನೀರು ಯಾರು ತರತಿದ್ರು? ನಾ ಹೆಬ್ಬೆಟ್ಟು ಒತ್ತಿಲ್ಲ. ಈಗ ಒತ್ತಸ್ರಿ, ಹೊಂದಿಸಿ ನೋಡ್ರಿ."

ಒತ್ತಿಸಿದಿರಿ. ಕಾಗದದ ಮೇಲೆ ಒಂದು ಕರಿ ಬೊಟ್ಟು ಮೂಡಿತು, ಅಷ್ಟೆ. ಇನ್ನೊಮ್ಮೆ ಒತ್ತಿಸಿದಿರಿ. ಮತ್ತೆ ಅದೇ ಬೊಟ್ಟು. ನಿಮ್ಮ ಕಾರಕೂನರು ಬಗ್ಗಿ ನೋಡಿ, "ಸಾಹೇಬ್ರ, ಇದು ಹೆಬ್ಬೆಟ್ಟಲ್ಲ, ಕಾಡಿಗಿ ಡಬ್ಬಿ ಮುಚ್ಚಳ" ಎಂದರಂತೆ. ಕಚೇರಿಯೆಲ್ಲ ನಕ್ಕಿತಂತೆ.

"ಗೆರಿ ಇಲ್ಲದ ಬೊಟ್ಟಿಗೆ ಕಾಯದೆ ಏನ್ ಮಾಡಬೇಕು?" ಎಂದಿರಿ. "ನೀನ ಅಮೀನಬಿ ಅನ್ನೂದಕ್ಕ ಗುರುತು ಏನದ?"

ಆಗ ಗುರುಲಿಂಗವ್ವ ಬಾಯಿ ಹಾಕಿದಳು: "ಆ ಕಾಗದದಾಗ ಗೆರಿ ಅದಾವೇನ್ರಿ?"

"ಛಲೋ ಮೂಡ್ಯಾವ. ಎಣಿಸಬಹುದು."

"ಇಕಿ ಬಳ್ಳಿನ್ಯಾಗ ಹತ್ತು ವರ್ಷದಿಂದ ಗೆರಿ ಇಲ್ಲ. ಓಣಿ ಅನ್ನೂ ಓಣಿಗೆ ಗೊತ್ತೈತಿ. ಹಂಗಾರ ಕಾಗದದಾಗ ಎಲ್ಲಿಂದ ಬಂದುವ್ರಿ?"

ಎಂದೂ ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಕೇಳಿದ ಪ್ರಶ್ನೆ ಇದು, ಸಾಹೇಬರೇ. ನೀವು ಆ ಕಾಗದವನ್ನು ಎತ್ತಿ ನೋಡಿ ಬೋರಲು ಇಟ್ಟಿರಂತೆ. ಆ ಗಳಿಗೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವಳ ಮಾತು ನಿಮಗೆ ತಿಳಿಯಿತು. ತಿಳಿಯದೆ ಇದ್ದಿದ್ದರೆ ನಿಮ್ಮನ್ನು ದಡ್ಡರೆಂದು ಬಿಟ್ಟುಬಿಡುತ್ತಿದ್ದೆ. ತಿಳಿದ ಮೇಲೆ ನೀವು ಅಂದದ್ದು, "ನೀ ಯಾರು ನಡುವ ಮಾತಾಡಾಕಿ? ಹೊರಗ ನಡೀರಿ ಇಬ್ಬರೂ." ಏಕೆಂದರೆ ಕಾಗದ ಸುಳ್ಳಾದರೆ ನಿಮ್ಮ ಸಹಿಯೂ ಸುಳ್ಳಾಗುತ್ತಿತ್ತು. ಒಬ್ಬ ಅಧಿಕಾರಿಯ ಸಹಿ ಸುಳ್ಳಾಗುವುದಕ್ಕಿಂತ ಒಬ್ಬ ಹೆಂಗಸು ತಾನೇ ಸುಳ್ಳಾಗುವುದು ಸುಲಭ. ಮುಖ ಮುಚ್ಚಿಕೊಂಡು, ಬಾಯಿ ಮುಚ್ಚಿಕೊಂಡು ಕೂತ ನನ್ನನ್ನು ಅಮೀನಬಿ ಎಂದು ಒಪ್ಪಿಕೊಂಡಿರಿ. ಮುಖ ತೆರೆದು, ತನ್ನ ಹೆಸರನ್ನು ತಾನೇ ಹೇಳಿಕೊಂಡ ಅಮೀನಬಿಯನ್ನು ಒಪ್ಪಿಕೊಳ್ಳಲಿಲ್ಲ. ಹಾಗಾದರೆ ನಿಮ್ಮ ದಫ್ತರಿಗೆ ಬೇಕಾದ ಹೆಣ್ಣು ಯಾವುದು? ಇಲ್ಲದಿರುವ ಹೆಣ್ಣೇ? ದುಡಿದು ದುಡಿದು ಗೆರೆ ಸವೆದದ್ದೇ ಅವಳ ತಪ್ಪಾಯಿತೇ? ಆ ಗೆರೆಗಳು ಎಲ್ಲಿ ಹೋದವು ಎಂದು ನೋಡಬೇಕಾದರೆ ಈ ಸೀಮೆಯ ಮದುವೆ ಮನೆಗಳಿಗೆ ಹೋಗಿ ಹೆಂಗಸರ ಸೆರಗು ನೋಡಿರಿ.

ಧರ್ಮವನ್ನು ಬೈಯಬೇಡ ಎಂದು ನನಗೆ ಹೇಳುವವರಿದ್ದಾರೆ. ನಾನು ಬೈಯುತ್ತಿಲ್ಲ. ಮಗಳಿಗೆ ಪಾಲು ಕೊಡು ಎಂದು ಧರ್ಮ ಹೇಳಿತು, ಮನೆಯ ಗಂಡಸರು ಕಸಿದುಕೊಂಡರು. ಸರಕಾರದ ಕಾಯದೆಯೂ ಆ ಪಾಲು ಅವಳದೇ ಎನ್ನುತ್ತದೆಯಂತೆ, ಸರಕಾರದ ಗಂಡಸರು ಅದನ್ನು ಕಸಿದುಕೊಂಡದ್ದಕ್ಕೆ ಮುದ್ರೆ ಒತ್ತಿಕೊಟ್ಟರು. ದೇವರೂ ಸರಕಾರವೂ ಕೊಟ್ಟದ್ದನ್ನು ತೆಗೆಯಲು ಒಂದು ಸೀರೆ, ಒಂದು ಮೊಳೆ, ಒಂದು ಕುರ್ಚಿ ಸಾಕಾಯಿತು.

ಅಕ್ಟೋಬರಿನಲ್ಲಿ ಊರಿಗೆ ಪ್ಲೇಗು ಬಂತು. ಮನೆಗಳಲ್ಲಿ ಇಲಿ ಬಿದ್ದವು. ಎಲ್ಲರೂ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಗುರುಲಿಂಗವ್ವ ಗುಲಾಬಬಿಯನ್ನು ತನ್ನ ಗುಡಿಸಲಿಗೆ ಕರೆದುಕೊಂಡು ಹೋದಳು, ಅಮೀನಬಿಯನ್ನೂ ಕರೆದಳು. ಆಪಾ ಬರಲಿಲ್ಲ. ಮೂಡಣ ಕೋಣೆಗೆ ಓಣಿಯ ಕಡೆಗೊಂದು ಬಾಗಿಲಿದೆ, ಬೀಗ ಹಾಕಿದ ಆ ಬಾಗಿಲ ಮುಂದೆಯೇ ಕೂತುಬಿಟ್ಟಳು. ಗುರುಲಿಂಗವ್ವ ಅತ್ತಳು, ಬೈದಳು. "ಹುಚ್ಚಿ, ಖಾಲಿ ಊರಾಗ ಇಲಿ ಜೋಡಿ ಸಂಸಾರ ಮಾಡ್ತಿ ಏನು?" ಎಂದಳು.

"ನಾ ಎದ್ದು ಹ್ವಾದ್ರ, ತಾನ ಬಿಟ್ಟು ಹ್ವಾದ್ಲು ಅಂತ ಬರಕೋತಾರ, ಅಕ್ಕ. ಸಾಹೇಬ್ರಿಗೆ ಗುರುತು ಬೇಕಂತಲ್ಲ. ನಾ ಇಲ್ಲಿ ಕೂತಿದ್ದ ಗುರುತು ಅಂತ ತಿಳಕೋಲಿ."

ನಿಮ್ಮ ಆ ಒಂದು ಮಾತನ್ನು ಅವಳು ಅಷ್ಟು ನಂಬಿದ್ದಳು. ಎರಡು ದಿನಕ್ಕೊಮ್ಮೆ ನಾನು ಗಂಡನಿಗೆ ತಿಳಿಯದಂತೆ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ. ಊರಿಗೆ ಊರೇ ಖಾಲಿ, ಬಾಗಿಲುಗಳಿಗೆಲ್ಲ ಬೀಗ, ಒಂದು ಮಗ್ಗದ ಸದ್ದೂ ಇಲ್ಲ. ಹೀಗೆ ಒಂದು ದಿನ ಅವಳು ರೊಟ್ಟಿ ಬಿಚ್ಚಿ ನೋಡುತ್ತಾ ಕೂತಳು. ಬಡಿಯುವಾಗ ಅಂಚಿನಲ್ಲಿ ನನ್ನ ಬೆರಳು ಒತ್ತಿದ ಗುರುತಿತ್ತು, ಗೆರೆಗಳೆಲ್ಲ ಮೂಡಿದ್ದವು. ಅದನ್ನು ನೋಡಿದಳು. ನನ್ನ ಬಲಗೈ ಹಿಡಿದು ತಿರುಗಿಸಿ ಹೆಬ್ಬೆಟ್ಟನ್ನು ನೋಡಿದಳು.

"ಚಂದ ಐತಿ, ಬಾನು, ನಿನ್ನ ಬಳ್ಳು" ಎಂದಳು. ಆಮೇಲೆ ರೊಟ್ಟಿ ಮುರಿದು ತಿಂದಳು.

ಅವಳು ಬೈದಿದ್ದರೆ ನಾನು ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ. ಡಿಸೆಂಬರಿನ ಮೊದಲ ವಾರ ಹೋದಾಗ ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಇದ್ದಳು. ಮುಟ್ಟಿದರೆ ಮೈ ತಣ್ಣಗಿತ್ತು. ನಾಲ್ಕು ಜನ ಬಂದು ಒಯ್ದರು. ಅಂದಿನ ಪುಟ ಖಾಲಿ ಇದೆ.

ಇದಿಷ್ಟೇ ಆಗಿದ್ದರೆ, ಸತ್ತವಳ ಮಾತು ಈಗೇಕೆ ಎಂದು ನೀವು ಕೇಳಬಹುದಿತ್ತು. ಪ್ಲೇಗು ಇಳಿದು ನಾವೆಲ್ಲ ಊರಿಗೆ ಮರಳಿದೆವು, ಗುಲಾಬಬಿಯನ್ನು ನನ್ನ ಗಂಡ ಮನೆಗೆ ಕರೆತಂದರು. ಇಂದು ಮಂದಿ ಉಂಡು ಹೋದ ಮೇಲೆ ನನ್ನ ಗಂಡ ನನ್ನನ್ನು ಕರೆದರು. ಮನೆಯೊಳಗೆ ನಾವು ನಮ್ಮ ಉರ್ದು ಮಾತನ್ನಾಡುತ್ತೇವೆ, ಅದನ್ನು ಓಣಿಯ ಕನ್ನಡದಲ್ಲಿ ಬರೆಯುತ್ತೇನೆ.

"ಬರೂ ಶುಕ್ರವಾರ ಗುಲಾಬಬಿದು ನಿಕಾ. ಬದಾಮಿ ಬಾಬುಸಾಬನ ಜೋಡಿ. ತಲಿಗೆ ಎಣ್ಣಿ ಹಾಕು, ಒಂದು ಛಲೋ ಸೀರಿ ತಗದಿಡು."

ಬಾಬುಸಾಬ ಅದೇ ವ್ಯಾಪಾರಿಯ ನೂಲಿನ ವಹಿವಾಟು ನೋಡಿಕೊಳ್ಳುವವನು. ಇಬ್ಬರು ಸೊಸೆಯಂದಿರನ್ನು ತಂದವನು. ಗುಲಾಬಬಿಗೆ ಹದಿನಾಲ್ಕು. ತಾಯಿಯ ಪಾಲು ಕೇಳಬಲ್ಲ ಕೊನೆಯ ಜೀವ ಅವಳು. ಅವಳನ್ನು ವ್ಯಾಪಾರಿಯ ಮನುಷ್ಯನ ಒಲೆಯ ಮುಂದೆ ಕೂರಿಸಿದರೆ ಆ ಬಾಯಿಯೂ ಮುಚ್ಚುತ್ತದೆ.

"ಆಕಿನ್ನ ಕೇಳೀರೇನು?" ಎಂದೆ.

"ಕೇಳೂದೇನೈತಿ? ಬಾಬುಸಾಬ ಏನ್ ಮುದುಕ ಅಲ್ಲ, ಐವತ್ತರ ಮನಷಾ. ಮನಿ ಇಲ್ಲ, ಮಾರಿಲ್ಲ, ಇಂಥಾಕಿನ್ನ ಮತ್ಯಾರು ಒಯ್ತಾರ?"

ಮನೆ ಇಲ್ಲ ಎಂದರು, ಸಾಹೇಬರೇ. ಮನೆ ಇಲ್ಲದಂತೆ ಮಾಡಿದವರು ನಾವು ಮೂವರು: ಅವರು, ನಾನು, ನೀವು.

ನಮ್ಮ ನಿಕಾದಲ್ಲಿ ಹುಡುಗಿಯ ಒಪ್ಪಿಗೆ ಕೇಳುವ ಕಟ್ಟಳೆ ಇದೆ. ವಧುವಿನ ಪರವಾದ ಹಿರಿಯರೊಬ್ಬರು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಪಡದೆಯ ಬಳಿ ಬಂದು, ಒಪ್ಪಿಗೆಯೇ ಎಂದು ಕೇಳುತ್ತಾರೆ. ಅವಳು ಹೂಂ ಎನ್ನಬೇಕು. ಅದನ್ನು ನೆನೆದು ಕೇಳಿದೆ: "ಅವ್ರು ಬಂದು ಕೇಳಿದಾಗ ಆಕಿ ಒಲ್ಲೆ ಅಂದ್ರ?"

ಅವರು ನನ್ನತ್ತ ನೋಡಿ ನಕ್ಕರು. "ಪಡದೆ ಹಿಂದ ನೀ ಇರ್ತೀದಿಯಲ್ಲ. ಆಕಿ ಅನ್ನಲಿಲ್ಲಂದ್ರ ನೀ ಹೂಂ ಅನ್ನು. ಹೊರಗಿನವ್ರಿಗೆ ಯಾರ ದನಿ ಅಂತ ಏನ್ ಗೊತ್ತಾಗ್ತೈತಿ? ನಿನಗೇನು ಹೊಸಾದ?"

ಹೊಸದಲ್ಲ, ನಿಜ. ಒಮ್ಮೆ ಕೈ ಕೊಟ್ಟವಳಿಂದ ಈಗ ದನಿ ಕೇಳುತ್ತಿದ್ದಾರೆ. ಅವರಿಗೆ ಈ ದಾರಿ ಕಲಿಸಿದವರು ನೀವು. ಅಂದು ನೀವು ಬೆನ್ನು ತಿರುಗಿಸದೆ ಇದ್ದಿದ್ದರೆ, ಒಬ್ಬಳ ಬದಲು ಇನ್ನೊಬ್ಬಳು ನಡೆಯುತ್ತಾಳೆ, ಹೆಣ್ಣುಗಳೆಲ್ಲ ಒಂದೇ ಎಂಬ ಧೈರ್ಯ ಅವರಿಗೆ ಬರುತ್ತಿರಲಿಲ್ಲ.

ಪಾತ್ರೆ ತಿಕ್ಕುವಾಗ ಗುಲಾಬಬಿ ನನ್ನ ಪಕ್ಕದಲ್ಲಿ ಕೂತಿದ್ದಳು. ಗಂಡ ಆಡಿದ್ದೆಲ್ಲ ಅವಳಿಗೆ ಕೇಳಿಸಿತ್ತು. ಅಳಲಿಲ್ಲ. ಬೂದಿ ಹಚ್ಚಿ ತಪ್ಪಲೆ ತಿಕ್ಕುತ್ತಾ ಮೆಲ್ಲಗೆ ಅಂದಳು: "ಮಾಮಿ, ಶುಕ್ರವಾರ ನೀ ಪಡದೆ ಹಿಂದ ಇರಬ್ಯಾಡ."

ಇರುವುದಿಲ್ಲ. ಆ ಮಾತಿಗಾಗಿ ಈ ಕಾಗದ.

ಆದ್ದರಿಂದ ಇದು ಬೇಡಿಕೆ, ಬಿನ್ನಹವಲ್ಲ. ನಾನು ನಿಮ್ಮ ಎದುರಿಗೆ ಬರುತ್ತೇನೆ. ಮುಖ ತೆರೆದು, ಬಳೆ ಹಾಕಿಕೊಂಡೇ ಬರುತ್ತೇನೆ. ನನ್ನ ಹೆಬ್ಬೆಟ್ಟನ್ನು ಮಸಿಗೆ ಒತ್ತಿಸಿ ಆ ಕಾಗದದ ಗುರುತಿನೊಂದಿಗೆ ಹೊಂದಿಸಿ ನೋಡಿರಿ. ಎಣಿಸಬಹುದು ಎಂದಿದ್ದಿರಲ್ಲ, ಎಣಿಸಿರಿ. ಹೊಂದಿದ ಮೇಲೆ, ಅಮೀನಬಿ ಆ ಕಾಗದಕ್ಕೆ ಒಪ್ಪಿರಲಿಲ್ಲ ಎಂದು ನನ್ನ ಹೇಳಿಕೆ ಬರೆದುಕೊಂಡು ನಿಮ್ಮ ಮೇಲಿನವರಿಗೆ ಕಳಿಸಿರಿ. ಅದರಲ್ಲಿ ಬಳೆಯ ಸದ್ದನ್ನೂ ನಿಮ್ಮ ಬೆನ್ನನ್ನೂ ಬಿಡದೆ ಬರೆಯಿರಿ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒತ್ತಿದರೆ ವರ್ಷಗಟ್ಟಲೆ ಶಿಕ್ಷೆ ಇದೆಯೆಂದು ಕೇಳಿದ್ದೇನೆ, ಅದನ್ನು ನನಗೆ ಕೊಡಿಸಿರಿ. ಮೂರು ಮಾತಿನ ಆಚೆಗೆ ನನಗೆ ಮನೆಯಿಲ್ಲ ಎಂದು ಹೆದರಿದ್ದೆನಲ್ಲ, ಸರಕಾರದ ಮನೆಯೊಂದು ಇದೆಯೆಂದು ಈಗ ನೆನಪಾಗಿದೆ.

ಗುಲಾಬಬಿಯೂ ನನ್ನ ಜೊತೆಗಿರುತ್ತಾಳೆ. ಅವಳ ಹೆಸರು, ಅವಳ ವಯಸ್ಸು, ಅವಳು ಒಲ್ಲೆ ಎನ್ನುವುದು, ಮೂರನ್ನೂ ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳಿರಿ. ಅವಳ ಹೆಬ್ಬೆಟ್ಟನ್ನೂ ಒತ್ತಿಸಿಟ್ಟುಕೊಳ್ಳಿರಿ. ತಾಯಿ ಸತ್ತಾಗಿನಿಂದ ತೋಪು ತೆಣಿ ಕಟ್ಟುವವಳು ಅವಳೇ. ಇಂದು ಬೆಳಕಿನಲ್ಲಿ ಹಿಡಿದು ನೋಡಿದೆ, ಗೆರೆಗಳು ಇನ್ನೂ ಇವೆ. ಇನ್ನು ಎಷ್ಟು ದಿನ ಇರುತ್ತವೆಯೋ ಹೇಳಲಾರೆ.

ಇದರ ಒಂದು ಪ್ರತಿಯನ್ನು ಇಂದಿನ ಟಪಾಲಿನಲ್ಲಿ ಪತ್ರಿಕೆಗೆ ಹಾಕುತ್ತೇನೆ. ಇನ್ನೊಂದು ನನ್ನ ಸೆರಗಿನಲ್ಲಿರುತ್ತದೆ. ನೀವು ಇದನ್ನು ಅಚ್ಚಿನಲ್ಲಿ ಓದುವ ಹೊತ್ತಿಗೆ ನಾನು ನಿಮ್ಮ ಮೇಜಿನ ಮುಂದೆ ನಿಂತದ್ದು ಆಗಿಹೋಗಿರುತ್ತದೆ. ನೀವು ನನ್ನ ಮುಖ ನೋಡಿದಿರೋ, ಮತ್ತೆ ಬೆನ್ನು ಮಾಡಿದಿರೋ, ಓದುವವರಿಗೆ ನೀವೇ ತಿಳಿಸಬೇಕಾಗುತ್ತದೆ.

ನಾಳೆ ಸೂರ್ಯ ಹುಟ್ಟುವ ಹೊತ್ತಿಗೆ ಹನಮಂತಪ್ಪನ ಬಂಡಿ ನಿಮ್ಮ ಊರಿಗೆ ಹೊರಡುತ್ತದೆ. ಗುರುಲಿಂಗವ್ವ ಮೂರು ಜನಕ್ಕೆ ಜಾಗ ಹೇಳಿಟ್ಟಿದ್ದಾಳೆ.

ಇಂತಿ,
ಓದು ಬರಹ ಬಾರದವಳೆಂದು ನೀವೇ ಬರೆದುಕೊಂಡ ಹೆಂಗಸು,
ಬಾನುಬಿ, ಖಾದರಬಾಷಾನ ಮಗಳು
(ಕನ್ನಡ ನಾಲ್ಕನೆಯ ಇಯತ್ತೆ ಪಾಸು. ಸಹಿ ನನ್ನ ಕೈಯದೇ.)